ವೀಡಾ ಕೇಳಿದ ಸ್ಯಾಂಡ್‌ವಿಚ್

ಗಂಡನ ಹೆಸರು, ಮದುವೆಯಾದ ಚರ್ಚು, ತಾನಿರುವ ಮನೆ ಎಲ್ಲವೂ ಅಳಿಸಿಹೋದ ಮಿದುಳಿನಲ್ಲಿ ಬಾಲ್ಯದ ಒಂದು ಬಾಯಿರುಚಿ ಮಾತ್ರ ಹೇಗೆ ಉಳಿದುಕೊಳ್ಳುತ್ತದೆ? ಇದಕ್ಕೆ ಬಲ್ಲವರು ಕೊಡುವ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ನನ್ನಲ್ಲಿಯೂ ಉತ್ತರವಿಲ್ಲ. ಹಾಯ್ಟ್ ಟಿಸ್‌ಡೇಲನಿಗೆ ಉತ್ತರ ಬೇಕಾಗಿಯೂ ಇರಲಿಲ್ಲ; ಅವನಿಗೆ ಬೇಕಾಗಿದ್ದದ್ದು ಆ ರುಚಿಯೇ.

ದಕ್ಷಿಣ ಜಾರ್ಜಿಯಾದ ಕಡಲೆಕಾಯಿ ಸುಲಿಯುವ ಕಾರ್ಖಾನೆಯಲ್ಲಿ ಅವನ ಆಯುಷ್ಯ ಸವೆದಿತ್ತು. ಕೆಂಪು ಧೂಳು ಅಂಗಿಯ ಹೊಲಿಗೆಗಳಿಂದ ಕೊನೆಯವರೆಗೂ ಹೋಗಲಿಲ್ಲ. ಮಧ್ಯಾಹ್ನದ ಬುತ್ತಿ ಎಂದರೆ ಕಡಲೆಕಾಯಿ ಬೆಣ್ಣೆ ಮತ್ತು ಜೆಲ್ಲಿಯ ಸ್ಯಾಂಡ್‌ವಿಚ್. ಬ್ರೆಡ್ಡು ನೆನೆದು ಮುದ್ದೆಯಾಗದಂತೆ ಎರಡೂ ಹೋಳುಗಳಿಗೆ ಆ ಬೆಣ್ಣೆಯನ್ನೇ ಸವರಿ, ಜೆಲ್ಲಿಯನ್ನು ನಡುವೆ ಅಡಗಿಸಬೇಕು. ಹೆಂಡತಿ ವೀಡಾ ಅದನ್ನು ಹಾಗೆಯೇ ಕಟ್ಟಿಕೊಡುತ್ತಿದ್ದಳು, ತಾನೂ ಅದನ್ನೇ ತಿನ್ನುತ್ತಿದ್ದಳು. ಜೆಲ್ಲಿಯಿಲ್ಲದ ಸ್ಯಾಂಡ್‌ವಿಚ್ಚನ್ನು ಹಾಯ್ಟ್ ಕಲ್ಪಿಸಿಕೊಂಡವನೇ ಅಲ್ಲ.

ಮರೆವು ಬಲಿತ ಮೇಲೆ ವೀಡಾ ಒಂದೊಂದಾಗಿ ಎಲ್ಲ ತಿನಿಸನ್ನೂ ಬಿಟ್ಟಳು. ಕೇಳುತ್ತಿದ್ದದ್ದು ಒಂದನ್ನೇ: ಅಮ್ಮ ಮಾಡುತ್ತಿದ್ದ ಕಡಲೆಕಾಯಿ ಬೆಣ್ಣೆಯ ಸ್ಯಾಂಡ್‌ವಿಚ್. ಹಾಯ್ಟ್ ಮಾಡಿಕೊಟ್ಟರೆ ಒಂದು ತುತ್ತು ಕಚ್ಚಿ ತಟ್ಟೆಯನ್ನು ಸರಿಸುತ್ತಿದ್ದಳು. ಮನೆಗೆ ಬರುತ್ತಿದ್ದ ದಾದಿ ಮುಚ್ಚುಮರೆಯಿಲ್ಲದೆ ಹೇಳಿದ್ದಳು: "ತಿಂದ್ರೆ ಇರ್ತಾರೆ. ಇಲ್ಲಾಂದ್ರೆ ನಮ್ಮ ಕೈಲೇನೂ ಇಲ್ಲ."

ದ್ರಾಕ್ಷಿಯ ಜೆಲ್ಲಿಯಾಯಿತು, ಸ್ಟ್ರಾಬೆರಿ, ಪೀಚ್, ಅಂಜೂರ ಎಲ್ಲ ಆಯಿತು. ಅಂಚು ಕತ್ತರಿಸಿದ್ದಾಯಿತು, ಕತ್ತರಿಸದೆ ಕೊಟ್ಟದ್ದಾಯಿತು. ಕಡೆಗೆ ಮದುವೆಯ ಹೊಸತರಲ್ಲಿ ವೀಡಾ ಆಡಿದ್ದ ಮಾತು ಅವನಿಗೆ ನೆನಪಾಯಿತು. ಅವಳ ಅಮ್ಮ ವರ್ಷವರ್ಷವೂ ಜೌಗುನೆಲದಲ್ಲಿ ಬೆಳೆಯುವ ಮೇಹಾ ಎಂಬ ಪುಟ್ಟ ಹುಳಿಹಣ್ಣಿನ ಜೆಲ್ಲಿ ಮಾಡುತ್ತಿದ್ದಳಂತೆ.

ಪಕ್ಕದ ಮನೆಯ ಅರ್ಲೀನ್ ಜೆಲ್ಲಿ ಕಾಯಿಸುವುದರಲ್ಲಿ ಪಳಗಿದ ಕೈ. ಅವಳು ಬೇಲಿಯಾಚೆಯಿಂದಲೇ ರೇಗಿಸಿದಳು.

"ಈ ವಯಸ್ಸಲ್ಲಿ ಕೆಸರಿಗಿಳಿದು ಹಣ್ಣು ಬಾಚ್ತೀಯಾ ಹಾಯ್ಟಣ್ಣ? ಮೊಸಳೆಗೂ ನಿನ್ನ ಮೂಳೆ ಬೇಡ. ಸುಮ್ನೆ ಅವಳ ತಮ್ಮನಿಗೊಂದು ಫೋನ್ ಮಾಡಿ ಕೇಳು, ಅವರಮ್ಮ ಹೇಗೆ ಮಾಡ್ತಿದ್ರು ಅಂತ."

"ಡೂಯಿಗಾ? ಮದುವೆಯಾದ ದಿನದಿಂದ ಅವನನ್ನ ಹೊಸಿಲು ಹತ್ತಿಸಿಲ್ಲ ಅವಳು. ಈಗ ಜೆಲ್ಲಿ ಯಾವ್ದು ಅಂತ ಕೇಳಿದ್ರೆ ಅಲಬಾಮಾವರೆಗೂ ಕೇಳೋ ಹಾಗೆ ನಗ್ತಾನೆ ಅರ್ಲೀನಕ್ಕ."

"ನಗ್ಲಿ ಬಿಡು. ನಗೋದಕ್ಕೇನು ದುಡ್ಡೇ?"

ಅವನು ಫೋನ್ ಮಾಡಲಿಲ್ಲ.

ಮೇ ತಿಂಗಳ ಮೊದಲಲ್ಲಿ ಮೇಹಾ ಹಣ್ಣು ಉದುರಿ ಜೌಗಿನ ನೀರಿನ ಮೇಲೆ ಕೆಂಪಗೆ ತೇಲುತ್ತದೆ. ಹಾಯ್ಟ್ ಸೊಂಟದ ತನಕ ನೀರಿಗಿಳಿದು ಬಲೆಯಿಂದ ಬಾಚಿದ. ಅರ್ಲೀನ್ ಗೊಣಗುತ್ತಲೇ ಕಾಯಿಸಿದಳು, ಸೋಸಿದಳು. ತಣಿದ ಜೆಲ್ಲಿಯನ್ನು ಬೆಳಕಿಗೆ ಹಿಡಿದರೆ ಆಚೆಬದಿ ಕಾಣುತ್ತಿತ್ತು. ಹುಳಿಯೂ ಸಿಹಿಯೂ ಹದವಾಗಿ ಕೂಡಿದ್ದವು. ಅದನ್ನು ಸವರಿ ಸ್ಯಾಂಡ್‌ವಿಚ್ ಮಾಡಿ ಹಾಯ್ಟ್ ವೀಡಾಳ ಮುಂದಿಟ್ಟ. ಇದಕ್ಕಿಂತ ಆಚೆ ಅವನ ಬಳಿ ಇನ್ನೇನೂ ಇರಲಿಲ್ಲ.

ವೀಡಾ ಕಚ್ಚಿದಳು. ಅಗಿದಳು. ಅವಳು ತುತ್ತನ್ನು ಮೆಲ್ಲಗೆ ಕರವಸ್ತ್ರಕ್ಕೆ ಉಗುಳಿ, ಅಪರಿಚಿತರ ಮನೆಗೆ ಬಂದವಳಂತೆ ಮಡಿಸಿಟ್ಟಳು.

"ನೀವು ತುಂಬಾ ಒಳ್ಳೇವ್ರು ಸ್ವಾಮಿ. ಬೇಜಾರು ಮಾಡ್ಕೋಬೇಡಿ. ಇದು ನಮ್ಮಮ್ಮ ಮಾಡೋದಲ್ಲ."

"ಮತ್ತೆ ಹೇಗೆ ಮಾಡ್ತಿದ್ರು, ವೀಡಾ? ಒಂದೇ ಒಂದು ಸಲ ಹೇಳು ಕಣೇ."

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಹೊರಗಿನೋರಿಗೆ ಹೇಳಬಾರ್ದು."

ಅಂದಿನಿಂದ ಅವಳು ನೀರನ್ನಷ್ಟೇ ಕುಡಿದಳು. ಚಮಚ ಹಿಡಿದು ಮಂಚದ ಬಳಿ ಕೂತ ಹಾಯ್ಟ್ ಬೇಡಿಕೊಂಡ, ಗದರಿದ, ಒಮ್ಮೆ ಅವಳ ಗಲ್ಲ ಹಿಡಿದು ಬಾಯಿ ತೆರೆಸಲೂ ನೋಡಿದ. ತನ್ನ ಕೈಯನ್ನು ತಾನೇ ಕಂಡು ಹಿಂದೆಗೆದ. ಮೇಹಾ ಮರಗಳ ಕೆಳಗಿನ ನೀರು ಬತ್ತುವ ಮೊದಲೇ ಅವಳು ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಹೆಂಗಸರು ತಂದ ಪಾತ್ರೆಗಳಿಂದ ಅಡುಗೆಮನೆ ತುಂಬಿತ್ತು. ಹುರಿದ ಕೋಳಿ, ಅವರೆಕಾಳಿನ ಪಲ್ಯ, ಪೀಚಿನ ಕಡುಬು. ಡೂಯಿ ಬಂದಿದ್ದ; ಬಾಗಿದ ಬೆನ್ನಿನ, ಮಾತು ಕಡಿಮೆಯ ಮುದುಕ. ಅವನು ಯಾವ ಪಾತ್ರೆಯನ್ನೂ ಮುಟ್ಟದೆ ಎರಡು ಹೋಳು ಬ್ರೆಡ್ಡು ತೆಗೆದು, ಒಂದಕ್ಕೆ ಕಡಲೆಕಾಯಿ ಬೆಣ್ಣೆ ಸವರಿದ. ಫ್ರಿಜ್ಜಿನಿಂದ ಮೊಟ್ಟೆ-ಎಣ್ಣೆ ಕಡೆದ ಬಿಳಿ ಮೇಯನೇಸ್ ತೆಗೆದು ಇನ್ನೊಂದಕ್ಕೆ ದಪ್ಪಗೆ ಬಳಿದ.

"ಜೆಲ್ಲಿ ಅಲ್ಲೇ ಇದೆಯಲ್ಲ ಡೂಯಿ," ಎಂದ ಹಾಯ್ಟ್.

"ನಂಗೆ ಇದೇ ಸರಿ ಭಾವ. ಅಮ್ಮ ಮಾಡ್ತಿದ್ದದ್ದು ಹೀಗೇ. ನಾವು ಬೆಳೆದ ನೂಲಿನ ಗಿರಣಿ ಕೂಲಿಗಳ ವಠಾರದಲ್ಲಿ ಜೆಲ್ಲಿಗೆ ಸುರಿಯೋಕೆ ಸಕ್ಕರೆ ಯಾರ ಹತ್ರ ಇತ್ತು?"

"ನಿಮ್ಮಮ್ಮ ಮೇಹಾ ಜೆಲ್ಲಿ ಮಾಡ್ತಿದ್ರು ಅಂತ ವೀಡಾ ಹೇಳಿದ್ಲು."

ಡೂಯಿ ಕಚ್ಚಿದ ತುತ್ತನ್ನು ಅಗಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದ. ಆಮೇಲೆ, ಇನ್ನು ಮುಚ್ಚಿಟ್ಟು ಯಾರಿಗೂ ಉಪಯೋಗವಿಲ್ಲವೆಂಬಂತೆ, ಹೇಳಿದ. ಗಿರಣಿ ವಠಾರದ ಬಡತನ ಗಂಡನ ಮನೆಗೆ ತಿಳಿಯದಿರಲೆಂದೇ ಅಕ್ಕ ತನ್ನನ್ನು ದೂರವಿಟ್ಟಿದ್ದಳು. ಮೇಹಾ ಜೆಲ್ಲಿಯನ್ನು ವೀಡಾ ಮೊತ್ತಮೊದಲು ಬಾಯಿಗಿಟ್ಟದ್ದು ಮದುವೆ ಗೊತ್ತಾದ ಮೇಲೆ, ಹಾಯ್ಟನ ತಾಯಿಯ ಊಟದ ಮೇಜಿನಲ್ಲಿ.