ಮಿಡಿತ ಕೂಡಿಸುವ ಮೆಕ್ಯಾನಿಕ್

ಗೋಕಾಕದ ನಮ್ಮ ಓಣಿಯ ರೇಡಿಯೋ ಮೆಕ್ಯಾನಿಕ್ ಸೈನ್ಯದಲ್ಲಿ ರಡಾರ್ ರಿಪೇರಿ ಮಾಡಿ ಬಂದವರು. ಮನೆಯಲ್ಲೂ ಒಂದು ಯಂತ್ರ ಕಟ್ಟಿಕೊಂಡಿದ್ದರು. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಮಿಡಿಯುವ ವಿದ್ಯುತ್ತು ಅದರ ಎರಡು ತಂತಿಗಳಲ್ಲಿ ಓಡುತ್ತಿತ್ತು. ಒಂದರಲ್ಲಿ ಮುಂದೋಡುವ ಮಿಡಿತವನ್ನು ತಿರುಪಿನಿಂದ ತಡಮಾಡಿಸಿ, ಇನ್ನೊಂದರಲ್ಲಿ ಹಿಂದುಳಿದದ್ದರ ಜೊತೆ ಕೂಡಿಸುವುದೇ ಇವರ ತಪಸ್ಸು. ಯಾರು ಕರೆದರೂ ಒಂದೇ ಮಾತು: “ತುಸು ತಡೀರಿ, ಇನ್ನೇನ ಕೂಡ್ತಾವು.”

ಇವರ ಮಗಳನ್ನು ನೋಡಲು ಬೆಲ್ಲದ ಬಾಗೇವಾಡಿಯಿಂದ ವರನ ಕಡೆಯವರು ಬಂದ ದಿನವೂ ಅದೇ ಮಾತು. ಅವಲಕ್ಕಿ ತಿಂದು, ಚಹಾ ಕುಡಿದು, ಒಳಗಿನ ತಿರುಪಿನ ಕಿರ್ ಸದ್ದು ಕೇಳುತ್ತ ಕೂತವರು, ಕೊನೆಗೆ ಬೇಸತ್ತು ಸಂಜೆಯ ಬಸ್ಸಿಗೆ ಎದ್ದು ನಡೆದರು.

ಬಸ್ಸು ಹೋದ ಮೇಲೆ ಇವರು ಹೊರಗೋಡಿ ಬಂದರು. “ಕೂಡಿದ್ವು ನೋಡ! ಕೂದಲೆಳಿ ಫರಕ ಇಲ್ಲ!”

ಹೆಂಡತಿ ಚಹಾದ ಖಾಲಿ ಕಪ್ಪು-ಬಶಿ ಎತ್ತುತ್ತ ಅಂದರು: “ಚಲೋ ಆತು. ಒಳಗ ಹೋಗಿ ಮದವಿ ಅಕ್ಕಿಕಾಳ ಅವಕ್ಕಾದ್ರೂ ಹಾಕ್ರಿ.”