ಸಮುದ್ರದ ನಡುವಿನ ಬಾಣಂತನ

ಟಣ್, ಟಣ್, ಟಣ್. ಜಯನಗರದಲ್ಲಿ ಏಳುತ್ತಿದ್ದ ಮನೆಗಳಿಗಾಗಿ ಯಡಿಯೂರಿನ ಅಂಚಿನಲ್ಲಿ ಕಲ್ಲು ಕೆತ್ತುವ ಸದ್ದು ಬೆಳಗಾಗುತ್ತಲೇ ಶುರುವಾಗುತ್ತಿತ್ತು. ಮುನಿಲಕ್ಷ್ಮಮ್ಮನ ರಾಗಿ ಹೊಲವೂ ಆ ಬಡಾವಣೆಯೊಳಗೆ ಸೇರಿಹೋಗಿತ್ತು. ಗಂಡ ತೀರಿಕೊಂಡ ಮೇಲೆ ಆಕೆಗೆ ಉಳಿದದ್ದು ಕೆರೆಯ ಕಡೆಗೆ ಬಾಗಿಲಿದ್ದ ಚಿಕ್ಕ ಮನೆ, ಪಕ್ಕದ ಮನೆಯ ಭಾವ ತಿಮ್ಮರಾಯಪ್ಪನ ಬುದ್ಧಿವಾದ, ಮತ್ತು ಒಬ್ಬಳೇ ಮಗಳು ಚೂಡಾಮಣಿ.

ಮಗಳು ಇದ್ದದ್ದು ಅರಬ್ಬೀ ಸಮುದ್ರದ ನಡುವೆ. ಅಳಿಯ ಗೌರೀಶಂಕರನಿಗೆ ಹವಾಮಾನ ಇಲಾಖೆಯಲ್ಲಿ ಕೆಲಸ. ಲಕ್ಕದೀವಿನ, ಅಂದರೆ ಈಗಿನ ಲಕ್ಷದ್ವೀಪದ, ಒಂದು ಪುಟ್ಟ ದ್ವೀಪಕ್ಕೆ ಹಾಕಿದ್ದರು. ೧೯೬೩ರ ಬೇಸಿಗೆಯಲ್ಲಿ ಚೂಡಾಮಣಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಮಳೆಗಾಲ ಹಿಡಿದರೆ ಹಡಗಿಲ್ಲ. ಅವಳೋ, ಒಮ್ಮೆ ಬಂದರೆ ಮತ್ತೆ ಆ ನೀರಿನ ಮುಖ ನೋಡುವುದಿಲ್ಲ ಎಂದು ಹೇಳಿಕಳಿಸಿದ್ದಳು. ಅಳಿಯನಿಗೆ ಅಲ್ಲಿ ಇನ್ನೂ ಮೂರು ವರ್ಷವಿತ್ತು.

"ಕರ್ಕೊಂಡು ಬಂದ್‌ಬಿಡು," ಎಂದ ತಿಮ್ಮರಾಯಪ್ಪ. "ಆಮೇಲಿಂದು ಆಮೇಲೆ."

ಆಮೇಲಿನದೇ ಮುನಿಲಕ್ಷ್ಮಮ್ಮನ ಚಿಂತೆ. ಗಂಡನನ್ನು ಬಿಟ್ಟು ಬಂದು ಕೂತವಳನ್ನು ಊರು ಹೇಗೆ ನೋಡುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಗಂಟು ಕಟ್ಟಿದಳು. ಓಮ, ಬೆಳ್ಳುಳ್ಳಿ, ಬೆಲ್ಲ, ಹುರಿಹಿಟ್ಟು. ಎಲ್ಲದರ ಮೇಲೆ ಒಣಗಿದ ಎರಡು ಸೋರೆಬುರುಡೆ. ಯಡಿಯೂರು ಕೆರೆಯಲ್ಲಿ ಮಕ್ಕಳು ಈಜು ಕಲಿಯುವಾಗ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದಂಥವು.

"ಇದ್ಯಾಕಮ್ಮ?" ತಿಮ್ಮರಾಯಪ್ಪ ಬುರುಡೆ ಎತ್ತಿ ನೋಡಿದ.

"ಹಡಗು ಮುಳುಗಿದ್ರೆ?"

"ಮುಳುಗಿದ್ರೆ ಯಡಿಯೂರಿಗೆ ಈಜ್ತೀಯಾ?"

"ಮಂಗಳೂರಿಗೆ ಈಜ್ತೀನಿ ಭಾವ. ಅಲ್ಲಿಂದ ಬಸ್ಸಿದೆ."

ಹಡಗು ಮುಳುಗಲಿಲ್ಲ. ಮಂಗಳೂರಿಗೆ ಬಂದು ಕಾಯುತ್ತಿದ್ದ ಅಳಿಯ ಅತ್ತೆಯನ್ನು ಜೋಪಾನವಾಗಿ ದ್ವೀಪಕ್ಕೆ ಇಳಿಸಿದ. ಬಿಳಿ ಮರಳು, ತೆಂಗು. ದೂರದಲ್ಲಿ ಹವಳದ ದಿಬ್ಬಕ್ಕೆ ಬಡಿದು ಅಲೆಗಳೆಲ್ಲ ಅಲ್ಲೇ ನಿಲ್ಲುತ್ತಿದ್ದವು; ಇತ್ತ ದಡದವರೆಗೂ ಅಲುಗಾಡದ ತಿಳಿ ಹಸಿರು ನೀರು. ಮುನಿಲಕ್ಷ್ಮಮ್ಮನ ಕಣ್ಣಿಗೆ ಅದು ಕೆರೆಯೇ.

ಚೂಡಾಮಣಿ ಮಾತ್ರ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. "ಮೂರು ಕಡೆ ನೀರು, ನಾಲ್ಕನೇ ಕಡೆನೂ ನೀರು. ನಾನಿಲ್ಲಿ ಇರಲ್ಲಮ್ಮ."

"ಆಯ್ತು ಕಣೆ. ಹಡಗು ಬರೋವರೆಗಾದ್ರೂ ನಾನು ನೋಡ್ಬಾರ್ದಾ?"

ಮೀನುಗಳನ್ನು ಅಭ್ಯಾಸ ಮಾಡಲು ಬಂದಿದ್ದ ಯಾರೋ ಒಂದು ಗಾಜಿನ ಮುಖವಾಡ ಬಿಟ್ಟುಹೋಗಿದ್ದರು. ಅದರ ಉಸಿರಾಡುವ ಕೊಳವೆ ಸೀಳಿತ್ತು. ಮುನಿಲಕ್ಷ್ಮಮ್ಮ ಹಿತ್ತಲಿನ ಪರಂಗಿ ಗಿಡದಿಂದ ಎಲೆಯ ದಂಟು ಮುರಿದಳು. ಚಿಕ್ಕಂದಿನಲ್ಲಿ ಕೆರೆಯಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ನೀರಿನಡಿ ಅಡಗುತ್ತಿದ್ದದ್ದೇ ಅದನ್ನು ಬಾಯಿಗಿಟ್ಟುಕೊಂಡು. ಕಚ್ಚೆ ಬಿಗಿದಳು, ಬೆನ್ನಿಗೆ ಬುರುಡೆ ಕಟ್ಟಿದಳು, ಇಳಿದಳು.

ಮುಳುಗೋಣವೆಂದರೆ ಬುರುಡೆ ಬಿಡದು. ಉಪ್ಪುನೀರು ಅದಕ್ಕಿಂತ ಹೆಚ್ಚಾಗಿ ಮೇಲಕ್ಕೆತ್ತುತ್ತಿತ್ತು. ಐವತ್ತರ ಹೆಂಗಸು ಮುಖ ಕೆಳಗೆ ಮಾಡಿ ಎಲೆಯಂತೆ ತೇಲಿದಳು. ಕೆಳಗೆ ಚಿಕ್ಕಪೇಟೆಯ ಅಂಗಡಿಯಲ್ಲಿ ಒಂದರ ಮೇಲೊಂದು ಸೀರೆ ಬಿಚ್ಚಿ ಹಾಸಿದಂತೆ ಬಣ್ಣ. ಹೂಕೋಸಿನಂಥ ಹವಳ. ಅದರ ಸಂದಿಯಿಂದ ಇಣುಕಿ, ಇವಳನ್ನು ಕಂಡು ಒಳಗೋಡುವ ನೀಲಿ ಮೀನು. ಆಚೆ ಮರಳಿನ ಮೇಲೆ ಬೆಳೆದ ಹುಲ್ಲನ್ನು ನಿಧಾನವಾಗಿ ಮೇಯುತ್ತಿದ್ದ ದೊಡ್ಡ ಆಮೆ.

"ಎಮ್ಮೆ ಕಣೆ, ಥೇಟ್ ಎಮ್ಮೆ!" ಎಂದು ಬಂದು ಹೇಳಿದಳು. ಮಗಳು ಒಣಸೀರೆ ತಂದುಕೊಟ್ಟಳು, ಅಷ್ಟೇ.

ಆಮೇಲೆ ದಿನಾ ಒಂದೊಂದು ಸುದ್ದಿ. ಹಳದಿ ಮೀನು ಗಂಡನ ಜೊತೆ ಜಗಳವಾಡಿತು. ಏಡಿಯೊಂದು ಬೇರೆಯವರ ಚಿಪ್ಪಿಗೆ ಒಕ್ಕಲು ಬಂತು. ಎದುರಿಗಿದ್ದ, ಜನರಿಲ್ಲದ ಇನ್ನೂ ಪುಟ್ಟ ದ್ವೀಪಕ್ಕೆ ಅಳಿಯನ ಜೊತೆ ದೋಣಿಯಲ್ಲಿ ಹೋಗಿ ಬಂದಳು. ಅಲ್ಲಿ ಕಡಲಹಕ್ಕಿಗಳು ಬರೀ ಮರಳಲ್ಲಿ ಮೊಟ್ಟೆಯಿಟ್ಟು ಕಾವು ಕೂತಿದ್ದವು. "ಕಾಲಿಡೋಕೆ ಜಾಗ ಇಲ್ಲ. ಹತ್ರ ಹೋದ್ರೆ ನಮ್ಮ ಬೀದಿ ಹೆಂಗಸ್ರ ಹಾಗೆ ಎಲ್ಲಾ ಒಟ್ಟಿಗೆ ಬಯ್ತವೆ." ಚೂಡಾಮಣಿ ನಕ್ಕಳು. ಅಲ್ಲಿಗೆ ಬಂದಮೇಲೆ ಅವಳು ನಕ್ಕದ್ದನ್ನು ಗೌರೀಶಂಕರ ಕಂಡಿರಲಿಲ್ಲ.

ಕಡೆಯ ಹಡಗು ಬರುವ ಹಿಂದಿನ ದಿನ ಅವಳಾಗಿಯೇ ದಡಕ್ಕೆ ಬಂದಳು. ತಾಯಿಯ ಕೈ ಬಿಗಿಯಾಗಿ ಹಿಡಿದು ಮೊಣಕಾಲು, ಆಮೇಲೆ ಸೊಂಟದವರೆಗೆ. ಗಾಜಿನ ಮುಖವಾಡ ಹಾಕಿ ಬಗ್ಗಿದಳು. ತುಂಬ ಹೊತ್ತು ಏಳಲಿಲ್ಲ. ಎದ್ದಾಗ ಮುಖ ತುಂಬ ನೀರು.

"ಅಮ್ಮ, ಎಮ್ಮೆಗೆ ಕರು ಇದೆ!"

ಸಂಜೆ ಗೌರೀಶಂಕರ ಟ್ರಂಕಿನ ಹತ್ತಿರ ನಿಂತು, ಹೆಂಡತಿಯ ಮುಖ ನೋಡಲಾರದೆ ಕೇಳಿದ: "ಅತ್ತೆ, ಹಡಗಿನವನಿಗೆ ಏನು ಹೇಳ್ಲಿ?"

ಮುನಿಲಕ್ಷ್ಮಮ್ಮ ಮಗಳ ಕಡೆ ನೋಡಿದಳು.

"ಹೋಗ್ಲಿ ಅನ್ನಿ," ಎಂದಳು ಚೂಡಾಮಣಿ.

ಮಳೆ ಹಿಡಿಯಿತು. ಪಕ್ಕದ ಮನೆಯ ಸೂಲಗಿತ್ತಿಗೆ ಕನ್ನಡ ಬಾರದು, ಇವಳಿಗೆ ಅವರ ಮಾತು ಬಾರದು; ಹೆರಿಗೆಗೆ ಅದೇನೂ ಅಡ್ಡಿಯಾಗಲಿಲ್ಲ. ಹೆಣ್ಣು ಮಗು. ಎಣ್ಣೆ ನೀರು ಹಾಕುವುದಕ್ಕೆ ತೆಂಗಿನೆಣ್ಣೆಗಂತೂ ಬರವಿರಲಿಲ್ಲ.

ಮಳೆಗಾಲ ಕಳೆದು ಒಬ್ಬಳೇ ಬಂದು ಬಸ್ಸಿಳಿದವಳನ್ನು ತಿಮ್ಮರಾಯಪ್ಪ ಬೀದಿಯಲ್ಲೇ ತಡೆದ.

"ಮಗಳೆಲ್ಲಿ?"

"ಗಂಡನ ಮನೇಲಿ."

"ಮಗು?"

"ಅವರಪ್ಪನ ತೊಡೆ ಮೇಲೆ."

"ತವರಲ್ಲಿ ಆಗ್ಬೇಕಾದ್ದನ್ನ ಸಮುದ್ರದಲ್ಲಿ ಮಾಡಿ ಬಂದ್ಯಲ್ಲಮ್ಮ!"

"ನಾನೇ ಅಲ್ಲಿದ್ನಲ್ಲ ಭಾವ. ತವರು ಅಂದ್ರೆ ಇನ್ಯಾರು?"

ತಿಮ್ಮರಾಯಪ್ಪ ಟವೆಲ್ಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ. "ಊರಿಗೆ ಏನಂತ ಹೇಳ್ಲಿ ನಾನು?"

"ಹೇಳೋಕೇನಿದೆ? ಹುಡುಗಿ ನಗ್ತಾಳೆ, ಅಳಿಯಂದಿರು ದಪ್ಪ ಆಗಿದಾರೆ, ನಾನು ಬೇಸಿಗೆಗೆ ಮತ್ತೆ..." ಅಷ್ಟರಲ್ಲಿ ಬಾವಿಕಟ್ಟೆಯ ಹೆಂಗಸರು ಕೂಗಿದರು. "ಬಂದೆ, ಬಂದೆ" ಎನ್ನುತ್ತ ಮುನಿಲಕ್ಷ್ಮಮ್ಮ ಗಂಟನ್ನು ಸೊಂಟಕ್ಕೇರಿಸಿ ನಡೆದುಬಿಟ್ಟಳು.