ಬೀಗಿತ್ತಿಗೆ ಈಜು ಕಲಿಸಿದ್ದು

ಮೊಮ್ಮಗಳ ತೊಟ್ಟಿಲ ಕಾರ್ಯ ಮುಗಿದ ಮರುದಿನ ಬೀಗರ ಕಡೆಯವರೆಲ್ಲ ಮೈಸೂರಿಗೆ ಹೊರಟರು. ಗಾಡಿಗೆ ಚೀಲಗಳನ್ನು ಇಡುತ್ತಿರುವಾಗ ಬೀಗಿತ್ತಿ, ಅಂದರೆ ನನ್ನ ಮಗಳ ಅತ್ತೆ, ಕೂಸನ್ನು ಎತ್ತಿಕೊಂಡೇ ಬಾಗಿಲಿಗೆ ಬಂದು, "ನೀವೆಲ್ಲ ಹೋಗಿ. ನಾನು ಇನ್ನೊಂದು ವಾರ ಇದ್ದು ಬರ್ತೀನಿ" ಅಂದರು.

"ಒಂದ ವಾರ ಯಾಕ್ರಿ, ತಿಂಗಳ ಇರ್ರಿ" ಎಂದು ನಾನು ಬಾಯಿತುಂಬ ಹೇಳಿದೆ. ಅಡುಗೆಮನೆಗೆ ಬಂದ ಮೇಲೆ ಮಾತ್ರ ಚಿಂತೆ ಹತ್ತಿತು. ಆಕೆ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮಾತು ಕಡಿಮೆ. ನಾನೋ ಬೈಲಹೊಂಗಲದ ಸಾಲೆಯಲ್ಲಿ ಜೀವಮಾನವೆಲ್ಲ ಕನ್ನಡ ಕಲಿಸಿದವಳು, ಸುಮ್ಮನೆ ಕುಳಿತು ಗೊತ್ತಿಲ್ಲದವಳು. ನಾವು ಹೆಣ್ಣು ಕೊಟ್ಟವರು ಬೇರೆ. ಎಲ್ಲಿ ಏನು ಕಡಿಮೆಯಾಗುತ್ತದೋ ಎಂಬ ದಿಗಿಲು.

ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ ಆಕೆ ಕೇಳಿದರು: "ನಿಮ್ಮೂರಲ್ಲಿ ನೋಡೋಕೆ ಏನೇನಿದೆ?"

ನಾನು ಯೋಚಿಸುವಷ್ಟರಲ್ಲಿ ನಮ್ಮ ಮನೆಯವರು ಉತ್ತರ ಕೊಟ್ಟಾಗಿತ್ತು. "ಬಜಾರ ಐತ್ರಿ."

ಅವರದು ಹತ್ತಿಯ ವ್ಯಾಪಾರ. ಊರೆಂದರೆ ಅವರಿಗೆ ಪೇಟೆ, ಪೇಟೆ ಬಿಟ್ಟರೆ ಊಟ. ನಾನು ಕಣ್ಣು ಕೆಕ್ಕರಿಸಿದ ಮೇಲೆ, "ಕಿತ್ತೂರ ಐತಿ, ಸೊಗಲ ಐತಿ, ಸವದತ್ತಿ ಗುಡ್ಡ ಐತಿ. ರಾಮದುರ್ಗದ ಕಡೆ ಶಬರಿಕೊಳ್ಳ ಐತಿ. ಎಲ್ಲಾ ತೋರಸೋಣ ತಗೋರಿ" ಎಂದು ಒಂದೇ ಉಸಿರಿನಲ್ಲಿ ಮಾತು ತಿರುಗಿಸಿದರು.

ಮೊದಲ ದಿನ ಕಿತ್ತೂರು. ಕಬ್ಬು ತುಂಬಿಕೊಂಡು ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಕೋಟೆ ತಲುಪುವಷ್ಟರಲ್ಲಿ ಬಿಸಿಲೇರಿತ್ತು. ನಾನು ಸಾಲೆಯ ಮಕ್ಕಳನ್ನು ಎಷ್ಟು ಸಲ ಕರೆತಂದಿದ್ದೆನೋ, ರಾಣಿಯ ಕಥೆ ತಾನಾಗಿ ಬಾಯಿಗೆ ಬರುತ್ತಿತ್ತು. ಆಕೆ ಕೇಳುತ್ತಿದ್ದರು, ನಗುತ್ತಿದ್ದರು, "ಹೌದಾ" ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿಲ್ಲ. ಸಂಜೆ ಮನೆಗೆ ಬಂದಾಗ, ಅತಿಥಿಯನ್ನು ಸುಖವಾಗಿಟ್ಟ ಸಮಾಧಾನಕ್ಕಿಂತ ಪರೀಕ್ಷೆ ಬರೆದು ಬಂದ ದಣಿವೇ ನನಗೆ ಹೆಚ್ಚಾಗಿತ್ತು.

ಎರಡನೆಯ ದಿನ ಸೊಗಲಕ್ಕೆ ಹೋದೆವು. ಆ ವರ್ಷ ಮಳೆ ಚೆನ್ನಾಗಿ ಆಗಿದ್ದರಿಂದ ದೀಪಾವಳಿ ಕಳೆದರೂ ಬಂಡೆಯ ಮೇಲಿಂದ ನೀರು ಧಾರಾಳವಾಗಿ ಬೀಳುತ್ತಿತ್ತು. ನಾನು ಬುತ್ತಿಯ ಗಂಟು ಬಿಚ್ಚಲು ನೆರಳು ಹುಡುಕುತ್ತಿದ್ದೆ. ತಿರುಗಿ ನೋಡಿದರೆ ಬೀಗಿತ್ತಿ ಚಪ್ಪಲಿ ಬಿಟ್ಟು, ಚೂಡಿದಾರದ ಪ್ಯಾಂಟು ಮಡಿಚಿ, ಮೊಣಕಾಲ ಮಟ್ಟದ ನೀರಿನಲ್ಲಿ ನಿಂತಿದ್ದಾರೆ! ಮುಖದ ಮೇಲೆಲ್ಲ ತುಂತುರು. ಮದುವೆಯಲ್ಲಿಯೂ ಕಾಣದ ನಗು.

"ನಂಗೆ ನೀರು ಅಂದ್ರೆ ಪ್ರಾಣ" ಅಂದರು. "ಆದ್ರೆ ಈಜು ಬರಲ್ಲ. ಚಿಕ್ಕಂದಿನಲ್ಲಿ ಅಣ್ಣಂದಿರಿಗೆಲ್ಲ ಕಲಿಸಿದ್ರು, ನನ್ನ ಬಿಡಲಿಲ್ಲ."

"ನನಗ ಬರ್ತೈತ್ರಿ" ಎಂದೆ. ಯಾಕೆ ಹೇಳಿದೆನೋ. ನಾಲಿಗೆಯಿಂದ ಜಾರಿತು.

"ನಿಮಗಾ?"

"ಹೂಂನ್ರಿ. ಅಪ್ಪ ಹೊಲದ ಬಾವ್ಯಾಗ ಕಲಿಸಿದ್ದ. ಲಗ್ನ ಆದಮ್ಯಾಲೆ ಇಳದಿಲ್ಲ."

ಆಕೆ ನೀರಿನಿಂದ ಹೊರಗೆ ಬಂದು ನನ್ನೆದುರು ನಿಂತರು. "ಹಾಗಾದ್ರೆ ನಂಗೆ ಕಲಿಸಿ."

ತಮಾಷೆಯೆಂದುಕೊಂಡೆ. ತಮಾಷೆಯಾಗಿರಲಿಲ್ಲ. ಮನೆಗೆ ಬಂದ ತಕ್ಷಣ ನನ್ನ ಮಗಳಿಗೆ ಹೇಳಿದರು. ಮಗಳು ಕೂಸಿನ ಬಟ್ಟೆ ಮಡಿಚುವುದನ್ನು ಬಿಟ್ಟು ನನ್ನನ್ನು ದಿಟ್ಟಿಸಿದಳು. "ಅವ್ವಾ, ನಿನಗ ಈಸಾಕ ಬರ್ತೈತಿ? ನನಗೊಂದ ದಿನಾನೂ ಹೇಳಿಲ್ಲಲ್ಲ?"

"ನೀ ಕೇಳಿಲ್ಲ" ಅಂದೆ. ನಿಜ ಹೇಳಬೇಕೆಂದರೆ ನನಗೇ ಮರೆತುಹೋಗಿತ್ತು. ಸಾಲೆ, ಮನೆ, ಅತ್ತೆ ಮಾವ, ಮಕ್ಕಳು ಇವುಗಳ ನಡುವೆ ಅದನ್ನು ನೆನೆಯುವ ಸಂದರ್ಭವೇ ಬಂದಿರಲಿಲ್ಲ.

ನಮ್ಮ ಮನೆಯವರು ಮಾತ್ರ ಗಾಬರಿಯಾದರು. ನನ್ನನ್ನು ಹಿತ್ತಲಿಗೆ ಕರೆದು, "ತಲಿ ಕೆಟ್ಟೈತೇನ? ಬೀಗರನ್ನ ನೀರಾಗ ದೂಡ್ತೀಯೇನ? ಹೆಚ್ಚುಕಡಿಮಿ ಆದ್ರ ಅಳಿಯಗ ಏನ ಹೇಳೂದು?" ಎಂದು ಪಿಸುಗುಟ್ಟಿದರು. ಅವರ ಮಾತು ಸುಳ್ಳಲ್ಲ. ಆದರೆ ಸೊಗಲದ ನೀರಿನಲ್ಲಿ ನಿಂತಿದ್ದ ಆ ಮುಖ ನನ್ನ ಕಣ್ಣ ಮುಂದೆಯೇ ಇತ್ತು.

ಸವದತ್ತಿಯ ಹತ್ತಿರ ಮಲಪ್ರಭೆಯ ಹಿನ್ನೀರಿನ ದಂಡೆಗೆ ನನ್ನ ಅಣ್ಣನ ಹೊಲವಿದೆ. ಅಲ್ಲಿ ನೆಲ ಒಮ್ಮೆಲೇ ಆಳಕ್ಕೆ ಇಳಿಯುವುದಿಲ್ಲ, ಬಹಳ ದೂರದವರೆಗೆ ಸೊಂಟದ ಮಟ್ಟವೇ. ಕೆಸರು ಕಡಿಮೆ, ಕಾಲಡಿ ಸಣ್ಣ ಗೊರಚು ಕಲ್ಲು. ಅಣ್ಣನಿಗೆ ಫೋನು ಮಾಡಿದೆ. ಅವನು ಬಹಳ ಹೊತ್ತು ನಕ್ಕು, "ಬರ್ರಿ ಬರ್ರಿ, ನಾನೂ ನಿಂದರತೇನಿ" ಅಂದ.

ನಾವು ಹೋದಾಗ ಮಧ್ಯಾಹ್ನದ ಹಿತವಾದ ಬಿಸಿಲು. ಎದುರಿಗೆ ದೂರದಲ್ಲಿ ಗುಡ್ಡದ ಸಾಲು, ನಡುವೆ ಅಲುಗದೆ ನಿಂತ ನೀರು. ಅಣ್ಣ ಎರಡು ಖಾಲಿ ಎಣ್ಣೆ ಕ್ಯಾನುಗಳಿಗೆ ಹಗ್ಗ ಕಟ್ಟಿ ಇಟ್ಟಿದ್ದ. ನಮ್ಮ ಕಾಲದಲ್ಲಿ ತೇಲಲೆಂದು ಬೆನ್ನಿಗೆ ಒಣಗಿದ ಬೆಂಡು ಕಟ್ಟುತ್ತಿದ್ದರು, ಈಗ ಇದು. ವೈನಿ, ಅಂದರೆ ಅಣ್ಣನ ಹೆಂಡತಿ, ಚಹಾದ ಕಿಟ್ಲಿ ಹಿಡಿದು ದಂಡೆಯ ಮೇಲೆ ಕುಳಿತಿದ್ದರು. ಅವರ ತವರು ರಾಮದುರ್ಗ ತಾಲೂಕಿನ ಸಾಲಹಳ್ಳಿ. ಈ ಮನೆಗೆ ಬಂದು ನಲವತ್ತು ವರ್ಷವಾದರೂ ಹಿನ್ನೀರಿನಲ್ಲಿ ಕಾಲು ತೋಯಿಸಿದವರಲ್ಲ. ನಮ್ಮ ಮನೆಯವರು ಇನ್ನೊಂದು ಹಗ್ಗ ಹಿಡಿದು, ಯಾರನ್ನೋ ಈಗಲೇ ಎಳೆಯಬೇಕಾಗಿದೆ ಎನ್ನುವಂತೆ ನಿಂತಿದ್ದರು.

ಮೊದಲು ನಾನೊಬ್ಬಳೇ ಇಳಿದೆ. ಮಗಳ ಹಳೆಯ ಚೂಡಿದಾರ ತೊಟ್ಟಿದ್ದೆ. ನೀರು ಕೊರೆಯುತ್ತಿತ್ತು. ಮುಂದಕ್ಕೆ ಚಾಚಿ ಬಿದ್ದದ್ದೇ ತಡ, ಮೂಗಿನಲ್ಲಿ ನೀರು, ಕಿವಿಯಲ್ಲಿ ನೀರು. ಕೈ ಬಡಿದೆ, ಕಾಲು ಬಡಿದೆ, ಇದ್ದಲ್ಲೇ ಇದ್ದೆ.

"ಯವ್ವಾ ತಂಗಿ, ಎಮ್ಮಿ ಇಳದಂಗಾತಲ್ಲ!" ಎಂದು ಅಣ್ಣ ಕೂಗಿದ.

ಸಿಟ್ಟು ಬಂತು. ಆ ಸಿಟ್ಟಿಗೇ ಇನ್ನೊಮ್ಮೆ ಬಿದ್ದೆ. ಈ ಸಲ ತಲೆ ತಗ್ಗಿಸಿ, ಉಸಿರು ಹಿಡಿದು, ಅವಸರ ಮಾಡದೆ ಕೈ ಹಾಕಿದೆ. ನೀರು ನನ್ನನ್ನು ಎತ್ತಿಕೊಂಡಿತು. ಸ್ವಲ್ಪ ದೂರ ಹೋಗಿ ತಿರುಗಿ ಬಂದೆ. ಭುಜ ನೋಯುತ್ತಿತ್ತು, ಏದುಸಿರು ಬರುತ್ತಿತ್ತು. ಆದರೆ ಅಷ್ಟು ಹಗುರಾಗಿ ನಾನು ಎಷ್ಟೋ ವರ್ಷದಿಂದ ಇರಲಿಲ್ಲ. ದಂಡೆಯ ಮೇಲೆ ಬೀಗಿತ್ತಿ ಚಪ್ಪಾಳೆ ತಟ್ಟುತ್ತಿದ್ದರು.

ಅವರ ಸರದಿ ಬಂದಾಗ ಬೆನ್ನಿಗೆ ಕ್ಯಾನು ಬಿಗಿದು ಕೈ ಹಿಡಿದು ಕರೆದುಕೊಂಡು ಹೋದೆ. ಸೊಂಟದ ಮಟ್ಟ ಬಂದಾಗ ಹೊಟ್ಟೆಯ ಕೆಳಗೆ ನನ್ನ ಕೈ ಕೊಟ್ಟು, "ಹಗೂರಕ ಮಲಕೋರಿ. ನಾ ಹಿಡದೇನಿ" ಎಂದೆ. ಮಲಗಿದರು. ಕಾಲು ನೆಲ ಬಿಟ್ಟದ್ದೇ ತಡ, ಭಯಬಿದ್ದು ನನ್ನ ಕೊರಳಿಗೆ ಗಟ್ಟಿಯಾಗಿ ಜೋತುಬಿದ್ದರು. ಇಬ್ಬರೂ ಮುಳುಗಿದೆವು. ನೀರಿನೊಳಗೆ ಅವರು ನನ್ನ ಕೂದಲು ಹಿಡಿದಿದ್ದರು, ನಾನು ಅವರ ಕ್ಯಾನು. ಮೇಲೆ ನಮ್ಮ ಮನೆಯವರು "ಅಯ್ಯಯ್ಯೋ" ಎನ್ನುವುದು ಎಲ್ಲೋ ದೂರದಲ್ಲಿ ಕೇಳಿತು.

ಹೇಗೋ ಕಾಲೂರಿ ಎದ್ದು ನಿಂತೆವು. ನೀರು ಸೊಂಟದವರೆಗೆ ಮಾತ್ರ ಇತ್ತು. ಒಬ್ಬರ ಮುಖ ಒಬ್ಬರು ನೋಡಿದೆವು. ನನ್ನ ಕೂದಲು ಬಿಚ್ಚಿ ಮುಖದ ತುಂಬ ಹರಡಿತ್ತು, ಅವರ ಕನ್ನಡಕ ನೀರುಪಾಲಾಗಿತ್ತು. ಮೊದಲು ನಕ್ಕವರು ಅವರು. ಆಮೇಲೆ ನಿಲ್ಲಿಸಲು ಆಗಲೇ ಇಲ್ಲ.

"ನೀವು ಹಿಡ್ಕೊಂಡಿದೀನಿ ಅಂದ್ರಲ್ಲ!"

"ನಾ ನಿಮ್ಮನ್ನ ಹಿಡದಿದ್ದೆ, ನೀವು ನನ್ನ ಜುಟ್ಟ ಹಿಡದ್ರಿ! ನಾ ಏನ ಮಾಡ್ಲಿ ಅಕ್ಕಾ?"

"ಬೀಗರ, ಬೀಗರ" ಎನ್ನುತ್ತಿದ್ದ ಬಾಯಿಗೆ ಅಕ್ಕ ಎಂಬ ಮಾತು ಅಲ್ಲಿಯೇ ಬಂತು. ಆಕೆಯೂ ಅದನ್ನು ಹಾಗೆಯೇ ಇರಲು ಬಿಟ್ಟರು. ಕನ್ನಡಕವನ್ನು ಅಣ್ಣ ಕಾಲಿನಲ್ಲೇ ತಡಕಾಡಿ ಹುಡುಕಿ ಕೊಟ್ಟ.

ಮೈ ಒರೆಸಿಕೊಂಡು ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಮುಂದಿಟ್ಟುಕೊಂಡು ಕುಳಿತಾಗ ಆಕೆ ಎರಡನೆಯ ರೊಟ್ಟಿ ಮುರಿಯುತ್ತ ಹೇಳಿದರು: "ಯಜಮಾನ್ರು ಹೋದಾಗಿನಿಂದ ಎಲ್ಲರೂ ನಂಗೆ ರೆಸ್ಟ್ ತಗೊಳ್ಳಿ, ರೆಸ್ಟ್ ತಗೊಳ್ಳಿ ಅಂತಾರೆ ಕಣ್ರೀ. ಎಷ್ಟು ಅಂತ ತಗೊಳ್ಳೋದು?"

ನಾನು ಅವರ ತಟ್ಟೆಗೆ ಇನ್ನೊಂದಿಷ್ಟು ಎಣಗಾಯಿ ಹಾಕಿದೆ. ವೈನಿ ಮೊಸರು ಬಡಿಸಿದರು.

ಮರುದಿನ ಮತ್ತೆ ಹೋದೆವು, ಅದರ ಮರುದಿನವೂ. ಶಬರಿಕೊಳ್ಳ ತೋರಿಸಬೇಕೆಂಬ ನಮ್ಮ ಮನೆಯವರ ಯೋಜನೆ ಹಾಗೆಯೇ ಉಳಿಯಿತು. ಗುಡ್ಡದ ಮೇಲಿನ ಎಲ್ಲಮ್ಮನಿಗೆ ಕೈ ಮುಗಿದದ್ದೂ ಹಿನ್ನೀರಿಗೆ ಹೋಗುವ ದಾರಿಯಲ್ಲಿಯೇ. ಒಂದು ವಾರ ಹೋಗಿ ಎರಡಾಯಿತು. ಅಳಿಯ ಫೋನು ಮಾಡಿ "ಅಮ್ಮ ಯಾವಾಗ ಬರ್ತಾರೆ?" ಎಂದು ಕೇಳಿದರೆ, "ಕೂಸು ಬಿಡಾಕ ಒಲ್ಲದು" ಎಂದು ನಾವೆಲ್ಲ ಒಂದೇ ಉತ್ತರ ಕೊಡುತ್ತಿದ್ದೆವು. ಕೂಸು ಪಾಪ, ಹಾಲು ಕುಡಿದು ನಿದ್ದೆ ಮಾಡುತ್ತಿತ್ತು.

ಕೊನೆಕೊನೆಗೆ ಒಂದು ದಿನ ಆಕೆ ಕ್ಯಾನು ಬಿಚ್ಚಿಸಿದರು. ಅಂಗಾತ ಮಲಗಿದರು. ತಲೆಯ ಕೆಳಗೆ ನನ್ನ ಅಂಗೈ ಇತ್ತು. ಹೇಳದೆಯೇ ತೆಗೆದೆ. ಅವರಿಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿಕೊಂಡು, ಕೈಗಳನ್ನು ಅಗಲ ಚಾಚಿ, ತಿಳಿಯಾದ ನೀರಿನ ಮೇಲೆ ತೇಲಿದರು. ದಂಡೆಯ ಮೇಲೆ ನಮ್ಮ ಮನೆಯವರ ಕೈಯೊಳಗಿನ ಹಗ್ಗ ಸಡಿಲಾಗಿ ನೆಲಕ್ಕೆ ಬಿದ್ದಿತ್ತು.

"ಕೈ ಬಿಡಬೇಡಿ" ಅಂದರು ಆಕೆ, ಕಣ್ಣು ತೆರೆಯದೆ.

"ಆಗಲೇ ಬಿಟ್ಟೇನಿ, ಅಕ್ಕಾ."

ಒಂದು ಕ್ಷಣ ಮೈ ಬಿಗಿಯಾಯಿತು. ಮತ್ತೆ ಸಡಿಲಾಯಿತು. ಮುಳುಗಲಿಲ್ಲ.

ಆಕೆ ಮೈಸೂರಿಗೆ ಹೋದ ಮೇಲೆ ಮನೆಯ ಹತ್ತಿರದ ಈಜುಕೊಳಕ್ಕೆ ಸೇರಿದ್ದಾರೆ. ಅಲ್ಲಿ ಎಣ್ಣೆ ಕ್ಯಾನು ಒಳಗೆ ಬಿಡುವುದಿಲ್ಲವಂತೆ, ಚೂಡಿದಾರಕ್ಕೂ ತಕರಾರಂತೆ. ಮೊದಲ ದಿನ ಈಜುಡುಗೆ ತೊಟ್ಟು ನಾಚಿಕೆಯಿಂದ ಅರ್ಧ ಗಂಟೆ ಬಟ್ಟೆ ಬದಲಿಸುವ ಕೋಣೆಯಲ್ಲೇ ಕುಳಿತಿದ್ದರೆಂದು ಫೋನಿನಲ್ಲಿ ಹೇಳಿ ನಗಿಸಿದರು.

ನಾನು ಭಾನುವಾರಗಳಂದು ಅಣ್ಣನ ಹೊಲಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಮೊನ್ನೆ ಇಳಿಯುತ್ತಿದ್ದಾಗ ಹಿಂದೆ ಸಪ್ಪಳವಾಯಿತು. ನೋಡಿದರೆ ವೈನಿ, ಸೀರೆಯನ್ನು ಮೇಲೆತ್ತಿ ಕಟ್ಟಿ, ಒಂದು ಕೈಯಲ್ಲಿ ನನ್ನ ಭುಜ ಹಿಡಿಯಲು ಬರುತ್ತಿದ್ದರು.

"ನಗಬ್ಯಾಡ ಮತ್ತ" ಅಂದರು. "ಇವತ್ತ ಮಣಕಾಲಮಟ ಅಷ್ಟ."